ದೊಡ್ಡವಳು ಎಲ್ಲಿರ್ತಾಳೆ?

ಏಳನೇ ತಿಂಗಳಲ್ಲಿ ಆಸ್ಪತ್ರೆಯವರು ಒಂದು ಪಟ್ಟಿ ಕೊಟ್ಟರು. ಹೆರಿಗೆಗೆ ಬರುವಾಗ ಏನೇನು ತರಬೇಕು ಅಂತ. ಆಧಾರ್ ಕಾರ್ಡು, ಇನ್ಶೂರೆನ್ಸ್ ಕಾರ್ಡು, ಹಳೇ ಸೋನೋಗ್ರಫಿ ರಿಪೋರ್ಟು, ಮುಂದೆ ಗುಂಡಿ ಇರುವ ನೈಟಿ, ಕೂಸಿಗೆ ಟೋಪಿ, ಕಾಲುಚೀಲ, ಒಗೆದು ಮೆತ್ತಗಾದ ಹತ್ತಿ ಬಟ್ಟೆ. ಜೊತೆಗೆ ಮಲಗುವವರಿಗೆ ಒಂದು ಹೊದಿಕೆ ಅಂತಲೂ ಇತ್ತು. ಯೋಚನೆ ಮಾಡಿ ಬರೆದ ಪಟ್ಟಿ. ಅಂಗಡಿಯಲ್ಲಿ ಸಿಗುವುದನ್ನೆಲ್ಲ ಒಂದು ಸಂಜೆ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಫಡಕೆ ರೋಡಿನಲ್ಲಿ ತಿರುಗಿ ತಂದುಬಿಟ್ಟೆ. ಪಟ್ಟಿಯಲ್ಲಿ ಇಲ್ಲದ ಒಂದು ವಿಷಯಕ್ಕೆ ಮಾತ್ರ ಹೆರಿಗೆಯ ದಿನದವರೆಗೂ ತಲೆ ಕೆಡಿಸಿಕೊಂಡಿದ್ದೆ. ನಾನು ಆಸ್ಪತ್ರೆಯಲ್ಲಿರುವಾಗ ನನ್ನ ದೊಡ್ಡ ಮಗಳು ಎಲ್ಲಿರಬೇಕು, ಯಾರ ಹತ್ತಿರ ಇರಬೇಕು?

ಸೀನಿಯರ್ ಕೆಜಿಗೆ ಹೋಗುವ ಹುಡುಗಿ. ದೊಡ್ಡವಳು ಅನ್ನಿಸಿಕೊಂಡಿದ್ದೇ ಇನ್ನೊಂದು ಬರುತ್ತದೆ ಅಂತ ಗೊತ್ತಾದ ಮೇಲೆ. ಮನೆಗೆ ಬಂದವರೆಲ್ಲ ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳು ಒಂದೇ ಥರ. ಯಾವ ಡಾಕ್ಟರು, ನಾರ್ಮಲ್ ಆಗ್ಬಹುದಂತಾ, ಬಾಣಂತನಕ್ಕೆ ಯಾರು ಬರ್ತಾರೆ, ಅಂಟಿನುಂಡೆಗೆ ಎಲ್ಲಿ ಹೇಳಿದ್ದೀಯ. ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ತಮ್ಮ ಬೇಕಾ, ತಂಗಿ ಬೇಕಾ?" ಪಾಪ, ಅವಳಿಗೆ ಬೇಕಾಗಿದ್ದದ್ದು ಸೈಕಲ್ಲು. ಅವಳ ಬಗ್ಗೆ ನಾನೇ ಮಾತು ತೆಗೆದರೆ, "ಅಯ್ಯೋ, ಎರಡು ದಿನದ ಮಾತು, ಯಾರಾದ್ರೂ ನೋಡ್ಕೋತಾರೆ ಬಿಡು" ಅನ್ನುತ್ತಿದ್ದರು.

ಧಾರವಾಡದಲ್ಲಿ ಈ ಮಾತು ನಡೆಯುತ್ತದೆ. ಅಲ್ಲಿ ನಮ್ಮ ಓಣಿಯಲ್ಲಿ ಒಂದು ಮಗು ಬೆಳಿಗ್ಗೆ ಒಬ್ಬರ ಮನೆಯಲ್ಲಿ ರೊಟ್ಟಿ ತಿಂದು, ಮಧ್ಯಾಹ್ನ ಇನ್ನೊಬ್ಬರ ಪಡಸಾಲೆಯಲ್ಲಿ ಮಲಗಿ, ಸಂಜೆ ಮನೆಗೆ ಬಂದರೆ ಯಾರೂ ಅದನ್ನು ವ್ಯವಸ್ಥೆ ಅಂತ ಕರೆಯುವುದಿಲ್ಲ. ಡೊಂಬಿವಲಿಯ ಒಂದು ಬಿಎಚ್‌ಕೆಯಲ್ಲಿ ಹಾಗಾಗುವುದಿಲ್ಲ. ಇಲ್ಲಿ ಒಬ್ಬ ವ್ಯಕ್ತಿ ಬೇಕು. ಅವರ ಹತ್ತಿರ ನಮ್ಮ ಮನೆಯ ಬೀಗದ ಕೈ ಇರಬೇಕು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತಬೇಕು. ಮತ್ತು ಆ ಫೋನು ಯಾವ ದಿನ ಬರುತ್ತದೆ ಅಂತ ನಾವು ಅವರಿಗೆ ಮೊದಲೇ ಹೇಳಲಾರೆವು.

ತಾರೀಖು ಇದ್ದೂ ಇಲ್ಲದ ಹಾಗೆ

ಡಾಕ್ಟರು ಒಂದು ತಾರೀಖು ಕೊಡುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುವ ತಾರೀಖು ಅದು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ಆಗಬಹುದು, 41 ದಾಟಲೂಬಹುದು. ಅಂದರೆ ಸುಮಾರು ಒಂದು ತಿಂಗಳ ಅವಧಿ. ಆಫೀಸು, ಇನ್ಶೂರೆನ್ಸು, ನೆಂಟರು ಎಲ್ಲ ಆ ಒಂದು ದಿನವನ್ನು ಹಿಡಿದುಕೊಂಡು ಕೂರುತ್ತಾರೆ. ನಾವೂ ಮೊದಮೊದಲು ಹಾಗೇ ಲೆಕ್ಕ ಹಾಕುತ್ತಿದ್ದೆವು.

ಆ ಲೆಕ್ಕ ಕೆಟ್ಟದ್ದು ರೈಲಿನ ಟಿಕೆಟ್‌ನಿಂದ. ಮೊದಲು ರಿಸರ್ವೇಶನ್ 120 ದಿನ ಮುಂಚೆ ಸಿಗುತ್ತಿತ್ತು, 2024ರ ನವೆಂಬರ್‌ನಿಂದ 60 ದಿನ ಮಾಡಿದ್ದಾರೆ. ಅರವತ್ತಾದರೂ ಸರಿ, ಅವ್ವನಿಗೆ ಯಾವ ದಿನದ ಟಿಕೆಟ್ ಮಾಡಿಸುವುದು? ಹುಬ್ಬಳ್ಳಿಯಿಂದ ದಾದರ್‌ಗೆ ಬರುವ ಗಾಡಿ ಬೆಳಗಾವಿ, ಮಿರಜ್, ಪುಣೆ ಸುತ್ತಿ ಬರುತ್ತದೆ, ಒಂದು ರಾತ್ರಿಯ ದಾರಿ. ಬೇಗ ಬಾ ಅಂದರೆ ಅಲ್ಲಿ ಅಪ್ಪ ಒಬ್ಬರೇ, ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚುವುದು ಅವ್ವನೇ. ಹೆರಿಗೆಗೆ ಮುಂಚೆ ಬಂದು ಸುಮ್ನೆ ಕೂತ ದಿನಗಳೆಲ್ಲ ಬಾಣಂತನದ ದಿನಗಳಿಂದ ಕಡಿಮೆಯಾಗುತ್ತವೆ. ತಡವಾಗಿ ಬಾ ಅಂದರೆ ಮಗು ಮೊದಲೇ ಬಂದುಬಿಡಬಹುದು. ನೋವು ಬಂದ ಮೇಲೆ ತತ್ಕಾಲ್ ಮಾಡಿಸೋಣ ಅಂದರು ನನ್ನ ಗಂಡ. ಡಾಕ್ಟರು ನಕ್ಕುಬಿಟ್ಟರು. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲಿನದಕ್ಕಿಂತ ಬೇಗ ಆಗುತ್ತದೆ, ನೋವು ಶುರುವಾದ ಮೇಲೆ ಮನೆಯಲ್ಲಿ ಕೂತು ಗಡಿಯಾರ ನೋಡಬೇಡಿ ಅಂದರು. ಮೊದಲನೆಯದು ತವರಿನ ಕಡೆಯೇ ಆಗಿತ್ತು, ಹುಬ್ಬಳ್ಳಿಯಲ್ಲಿ. ಒಂದು ಹಗಲು ಒಂದು ರಾತ್ರಿ ನೋವು ತಿಂದಿದ್ದೆ. ಈ ಸಲ ಅಷ್ಟು ಸಮಯ ಸಿಗುವುದಿಲ್ಲ ಅಂತ ಗೊತ್ತಾದಾಗ ಖುಷಿಪಡಬೇಕಿತ್ತು. ನನಗೆ ಮೊದಲು ಬಂದ ಯೋಚನೆ, ಹಾಗಾದರೆ ಮಗಳ ಹತ್ತಿರ ಅವ್ವ ಇರುವುದಿಲ್ಲ ಅಂತ.

ಅವ್ವನ ಹತ್ತಿರ ಇನ್ನೊಂದು ಉಪಾಯ ಇತ್ತು. "ಕೂಸನ್ನ ಇಲ್ಲಿಗೆ ಕಳಿಸಿಬಿಡು. ನಿನ್ನ ಹೆರಿಗಿ ಆಗೋತನ ನಮ್ಮ ಕಡೆ ಇರ್ಲಿ. ಏನ್ ಕಲೆಕ್ಟರ್ ಪರೀಕ್ಷಾ ಐತೇನು ಅಕಿದು?" ಸಾಲಿ ಒಂದು ತಿಂಗಳು ತಪ್ಪಿದರೆ ಏನೂ ಆಗುವುದಿಲ್ಲ, ನಿಜ. ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಮಕ್ಕಳು ಅಜ್ಜಿ ಮನೆಯಲ್ಲಿ ಹಾಯಾಗಿಯೂ ಇರುತ್ತಾರೆ. ನನಗೆ ಮನಸ್ಸಾಗಲಿಲ್ಲ. ಕಾರಣ ನನ್ನ ಗಂಡನ ಒಂದು ಕಥೆ.

ಅವರ ತಂಗಿ ಹುಟ್ಟುವಾಗ ಅವರಿಗೂ ಹೆಚ್ಚುಕಮ್ಮಿ ಇದೇ ವಯಸ್ಸು. ಗದಗಿನಿಂದ ಅಜ್ಜನ ಊರಿಗೆ ಕಳಿಸಿದ್ದರಂತೆ. ಮಾವಿನಹಣ್ಣಿನ ದಿನಗಳು, ಎತ್ತಿನ ಗಾಡಿ, ಬಾವಿ, ಮಜವೋ ಮಜ. ಒಂದು ದಿನ ಕರೆದುಕೊಂಡು ಬಂದು ಮನೆ ಮುಂದೆ ಇಳಿಸಿದರೆ, ಒಳಗೆ ತೊಟ್ಟಿಲು ಕಟ್ಟಿದೆ, ಮನೆ ತುಂಬ ಜನ, ಲೋಬಾನದ ವಾಸನೆ. ಇವರು ಒಳಗೆ ಹೋಗಲೇ ಇಲ್ಲವಂತೆ. ಸಂಜೆಯವರೆಗೂ ಕಟ್ಟೆಯ ಮೇಲೆ ಕೂತಿದ್ದರಂತೆ, ಚಪ್ಪಲಿ ಹಾಕಿಕೊಂಡೇ. "ಯಾರ ಮನಿಗೆ ಬಂದೀವಿ ಅಂತ ತಿಳಿವಲ್ದಾಗಿತ್ತು ನನಗ" ಅಂತ ಈಗ ಹೇಳಿ ಹೇಳಿ ನಗುತ್ತಾರೆ. ಎಲ್ಲರೂ ನಗುತ್ತೇವೆ. ನನ್ನ ಅತ್ತೆ ಮಾತ್ರ ಈ ಕಥೆ ಶುರುವಾದರೆ ಎದ್ದು ಒಳಗೆ ಹೋಗುತ್ತಾರೆ.

ಅತ್ತೆ ಬರುವ ಹಾಗಿರಲಿಲ್ಲ. ಮಾವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಲ್ಲಿಗೆ ಎರಡೂ ಕಡೆಯ ಹಿರಿಯರ ಲೆಕ್ಕ ಮುಗಿಯಿತು.

ಗಂಡ ಇದ್ದಾನಲ್ಲ ಅನ್ನುವವರಿಗೆ

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅಪ್ಪ ನೋಡಿಕೊಳ್ಳಲಿ, ಅವನದೂ ಮಗಳು ತಾನೇ? ಖಂಡಿತ. ನಮ್ಮ ಮನೆಯಲ್ಲಿ ಜಡೆ ಹಾಕುವುದು ಅವರೇ. ಆದರೆ ಆ ಒಂದು ರಾತ್ರಿ ಅವರು ಎರಡು ಕಡೆ ಬೇಕು. ಆಸ್ಪತ್ರೆಯಲ್ಲಿ ಡೆಪಾಸಿಟ್ ಕಟ್ಟಲು, ಕ್ಯಾಶ್‌ಲೆಸ್‌ಗೆ ಅಂತ ಕಾಗದ ಹಿಡಿದು ಓಡಾಡಲು, ಸಿಸೇರಿಯನ್ ಅಂದರೆ ಸಹಿ ಹಾಕಲು. ಅದಕ್ಕಿಂತ ಜಾಸ್ತಿ, ಅವರು ನನ್ನ ಪಕ್ಕ ಬೇಕಿತ್ತು. ಹೆರಿಗೆ ಕೋಣೆಯಲ್ಲಿ ಹೆಂಗಸಿನ ಜೊತೆ ತನ್ನವರೊಬ್ಬರು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ 2016ರಿಂದ ಒಬ್ಬರಿಗೆ ಅವಕಾಶ ಇದೆ, ಆದರೆ ಅಲ್ಲಿ ಹೆಚ್ಚಾಗಿ ಹೆಂಗಸರಿಗೆ. ನಾನು ಆರಿಸಿಕೊಂಡ ಆಸ್ಪತ್ರೆ ಗಂಡನನ್ನು ಒಳಗೆ ಬಿಡುತ್ತಿತ್ತು. ಥಾಣೆ ನಗರದ ದೊಡ್ಡ ಆಸ್ಪತ್ರೆಯನ್ನು ಬಿಟ್ಟು ಡೊಂಬಿವಲಿಯಲ್ಲೇ ಇರುವ ಇದನ್ನು ಆರಿಸಲು ಇನ್ನೊಂದು ಕಾರಣ ಜುಲೈ. ಜುಲೈ ಮಳೆಯಲ್ಲಿ ಲೋಕಲ್ ರೈಲಿನ ಸೆಂಟ್ರಲ್ ಲೈನು ಯಾವಾಗ ನಿಲ್ಲುತ್ತದೆ, ಯಾವ ರಸ್ತೆ ಕೆರೆಯಾಗುತ್ತದೆ, ಹೇಳುವ ಹಾಗಿಲ್ಲ. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದೊಳಗೆ ಮುಟ್ಟಬೇಕು ಅನ್ನುವುದು ನನ್ನ ಮೊದಲ ಷರತ್ತಾಗಿತ್ತು. ಮಗಳಿಗೂ ನನಗೂ ನಡುವೆ ಅಷ್ಟೇ ದೂರ ಇರಲಿ ಅಂತ.

ರಜೆಯ ಮಾತು ಬಂದಿತು ಅಂತ ಒಂದು ಮಾತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರ ಆಯಿತು, ಅದರಲ್ಲಿ 8 ವಾರ ಹೆರಿಗೆಗೆ ಮುಂಚೆ ತಗೋಬಹುದು. ಅಪ್ಪಂದಿರಿಗೆ ಕೇಂದ್ರ ಸರ್ಕಾರದ ನೌಕರಿಯಲ್ಲಿ 15 ದಿನ ಸಿಗುತ್ತದೆ. ಖಾಸಗಿ ಕಂಪನಿಗಳಲ್ಲಿ ಅವರವರ ದೊಡ್ಡ ಮನಸ್ಸು. ನನ್ನ ಗಂಡನಿಗೆ ಸಿಕ್ಕಿದ್ದು ಒಂದು ವಾರ, ಅದರೊಳಗೆ ಶನಿವಾರ ಭಾನುವಾರವೂ ಸೇರಿ. ಅದೇ 2017ರ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ (ಮಕ್ಕಳನ್ನು ನೋಡಿಕೊಳ್ಳುವ ಜಾಗ) ಇರಬೇಕು ಅಂತಲೂ ಆಯಿತು. ನಮ್ಮ ಆಫೀಸಿಗೂ ಒಂದು ಇದೆ, ಘಾಟ್ಕೋಪರ್‌ನಲ್ಲಿ. ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್‌ಗೆ ಡೊಂಬಿವಲಿಯಲ್ಲಿ ಮಗು ಎತ್ತಿಕೊಂಡು ಹತ್ತಿದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳುತ್ತೇನೆ.

ಮಗಳು ಶಾಲೆ ಮುಗಿಸಿ ಹೋಗುತ್ತಿದ್ದದ್ದು ನಮ್ಮ ಗಲ್ಲಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರ್‌ಗೆ. ಅದನ್ನು ನಡೆಸುವ ತಾಯಿ ಬಹಳ ಒಳ್ಳೆಯವರು. ಆದರೆ ಸಂಜೆ ಏಳೂವರೆಗೆ ಬಾಗಿಲು ಹಾಕುತ್ತಾರೆ. ಭಾನುವಾರ ಇಲ್ಲ. ಮಗುವಿಗೆ ಜ್ವರ ಬಂದರೆ ಇಲ್ಲ, ಮಳೆಗಾಲದಲ್ಲಿ ಕೈಕಾಲು ಬಾಯಿಗೆ ಗುಳ್ಳೆ ಏಳುವ ಕಾಯಿಲೆ ಒಂದು ಮಗುವಿಗೆ ಬಂದರೂ ಎಲ್ಲರಿಗೂ ಒಂದು ವಾರ ಇಲ್ಲ. ದುಡ್ಡು ಕೊಟ್ಟು ಪಡೆಯುವುದಕ್ಕೆ ಟೈಮ್ ಇರುತ್ತದೆ, ಅದು ನ್ಯಾಯವೂ ಹೌದು. ಇಪ್ಪತ್ನಾಲ್ಕು ತಾಸು ಇರುವ ಕೆಲಸದ ಹೆಂಗಸನ್ನು ಬ್ಯೂರೋದಿಂದ ಗೊತ್ತುಮಾಡಿ ಅಂದರು ಒಬ್ಬರು. ಆ ದಿನವೇ ಮನೆಗೆ ಬಂದ ಹೊಸ ಹೆಂಗಸಿನ ಹತ್ತಿರ, ಅಮ್ಮನೂ ಇಲ್ಲದ ಅಪ್ಪನೂ ಇಲ್ಲದ ರಾತ್ರಿ? ಬೇಡ ಅನ್ನಿಸಿತು.

ಬೇಸರ ಬಂದ ಮನೆ

ಡೊಂಬಿವಲಿಯಲ್ಲಿ ಕನ್ನಡದವರಿಗೇನೂ ಬರ ಇಲ್ಲ. ಸಂಘ ಇದೆ, ಮಂಜುನಾಥ ವಿದ್ಯಾಲಯ ಇದೆ, ಭಾನುವಾರ ಒಂದು ಕಾರ್ಯಕ್ರಮಕ್ಕೆ ಹೋದರೆ ಧಾರವಾಡದಿಂದ ಕುಂದಾಪುರದವರೆಗಿನ ಕನ್ನಡ ಕೇಳಬಹುದು. ನಮಗೆ ಬಹಳ ಹತ್ತಿರದ ಒಂದು ಕುಟುಂಬ ಮುಲುಂಡ್‌ನಲ್ಲಿದೆ. ಅವರೇ ಮುಂದೆ ಬಂದು ಹೇಳಿದರು, ಅವಳನ್ನು ನಮ್ಮಲ್ಲಿ ಬಿಡಿ, ಎಷ್ಟು ದಿನವಾದರೂ ಸರಿ. ಬಾಯಿಮಾತಿಗೆ ಹೇಳುವವರಲ್ಲ. ಹಾಗಾಗಿ ಒಂದು ಶನಿವಾರ ಬಿಟ್ಟು ನೋಡಿದೆವು. ಅವಳು ಹೋದ ಕೂಡಲೇ ಐಸ್‌ಕ್ರೀಮ್ ಬಂತು. ಅವಳಿಗಾಗಿ ಅಂತ ಹೊಸ ಬಣ್ಣದ ಪೆನ್ಸಿಲ್ಲು ತಂದಿಟ್ಟಿದ್ದರು. ಅವರ ಮಗ ತನ್ನ ಆಟದ ರೈಲನ್ನು ಅವಳಿಗೇ ಬಿಟ್ಟುಕೊಟ್ಟ, ಪಾಪ. ಎರಡು ತಾಸು ರಾಣಿಯ ಹಾಗಿದ್ದಳು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಳು. "ಆಯ್ತು, ಇನ್ನು ಮನೆಗೆ ಹೋಗೋಣ" ಅಂತ. ಅವರೆಷ್ಟು ಕರೆದರೂ ಒಳಗೆ ಬರಲಿಲ್ಲ.

ನಮ್ಮ ಎದುರು ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮನ ಬಗ್ಗೆ ನಾನು ಮೊದಲು ಯೋಚಿಸಿರಲೇ ಇಲ್ಲ. ಸರ್ಕಾರಿ ಫೋನ್ ಕಂಪನಿ ಎಮ್‌ಟಿಎನ್‌ಎಲ್‌ನಲ್ಲಿದ್ದು 2020ರಲ್ಲಿ ಸ್ವಯಂನಿವೃತ್ತಿ (ವಿಆರ್‌ಎಸ್) ತಗೊಂಡವರು. ಅವರ ಗಂಡ ಕಾಕಾ ರೈಲ್ವೆಯಿಂದ ರಿಟೈರ್ ಆದವರು. ಮಗ ಕೆನಡಾದಲ್ಲಿ. ಕಾಕು ಮಾತು ಒರಟು. ಮಕ್ಕಳನ್ನು ಮುದ್ದು ಮಾಡುವ ಜಾತಿಯೇ ಅಲ್ಲ. ಲೋಕಲ್ ತಡವಾಗಿ ನಾನು ಸ್ಟೇಷನ್‌ನಲ್ಲೇ ಸಿಕ್ಕಿಹಾಕಿಕೊಂಡ ಸಂಜೆಗಳಲ್ಲಿ ಪಾಳಣಾಘರ್‌ನಿಂದ ಮಗಳನ್ನು ಕರೆತಂದು ಕೂರಿಸಿಕೊಳ್ಳುತ್ತಿದ್ದರು, ಅಷ್ಟೇ. ನಾನು ಉಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ನೋಡಿದರೆ ದೃಶ್ಯ ಯಾವಾಗಲೂ ಒಂದೇ. ಕಾಕು ನೆಲದ ಮೇಲೆ ಪೇಪರ್ ಹಾಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾರೆ. ಟಿವಿಯಲ್ಲಿ ಮರಾಠಿ ಸೀರಿಯಲ್ಲು. ಕಾಕಾ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ. ಮಗಳು ಸೋಫಾದ ಮೇಲೆ ತಲೆ ಕೆಳಗೆ ಕಾಲು ಮೇಲೆ ಮಾಡಿ ಬಿದ್ದುಕೊಂಡು ಫ್ಯಾನ್ ನೋಡುತ್ತಿದ್ದಾಳೆ. "ಬೋರ್ ಆಗ್ತಿದೆ ಕಾಕು" ಅಂತ ಮರಾಠಿಯಲ್ಲಿ ಹೇಳುತ್ತಾಳೆ. "ಆಗಲಿ" ಅಂತಾರೆ ಕಾಕು, ಸೊಪ್ಪಿನಿಂದ ಕಣ್ಣೆತ್ತದೆ.

ಅವತ್ತು ಮುಲುಂಡ್‌ನಿಂದ ವಾಪಸ್ ಬರುವಾಗ ಲೋಕಲ್‌ನಲ್ಲಿ ನನಗೆ ಈ ಸೋಫಾ ನೆನಪಾಯಿತು. ಮುಲುಂಡ್‌ನಲ್ಲಿ ಅವಳು ಅತಿಥಿ. ಅತಿಥಿಗೆ ಬೇಸರವಾಗುವ ಹಾಗಿಲ್ಲ, ಅಳುವ ಹಾಗಿಲ್ಲ, ಊಟ ಬೇಡ ಅನ್ನುವ ಹಾಗಿಲ್ಲ. ಅವಳಿಗೂ ಅದು ಗೊತ್ತು, ಅದಕ್ಕೇ ಎರಡು ತಾಸಿಗೆ ಸುಸ್ತಾಗಿ ಹೊರಟಳು. ಕಾಕು ಮನೆಯಲ್ಲಿ ಅವಳು ಎಷ್ಟೋ ಸಂಜೆ ಬೇಸರಪಟ್ಟುಕೊಂಡಿದ್ದಾಳೆ, ಬೈಸಿಕೊಂಡಿದ್ದಾಳೆ, ಒಮ್ಮೆ ಸಿಟ್ಟಿನಲ್ಲಿ ಚಮಚ ಎಸೆದು ಮೂಲೆಯಲ್ಲಿ ನಿಂತಿದ್ದಾಳೆ. ಅಪ್ಪ ಅಮ್ಮ ಇಲ್ಲದ ರಾತ್ರಿ ಒಂದು ಮಗು ಮಾಡುವುದೆಲ್ಲ ಇವೇ ಅಲ್ವಾ? ಪ್ರೀತಿ ಇರುವ ಮನೆಗಳು ನಮಗೆ ನಾಲ್ಕೈದು ಸಿಗುತ್ತಿದ್ದವು. ಅವಳು ಮುಖ ಊದಿಸಿಕೊಂಡು ಕೂರಬಹುದಾದ ಮನೆ ಇದೊಂದೇ ಇತ್ತು. ರಕ್ತಸಂಬಂಧ, ಭಾಷೆ, ಊರು, ಇವೆಲ್ಲಕ್ಕಿಂತ ನನಗೆ ಇದೇ ದೊಡ್ಡದಾಗಿ ಕಂಡಿತು. ಈಗಲೂ ಹಾಗೇ ಅನ್ನಿಸುತ್ತದೆ.

ಕೇಳುವುದು ಸುಲಭ ಇರಲಿಲ್ಲ. ಮುಂಬೈ ಕಡೆ ಬಂದು ಇಷ್ಟು ವರ್ಷವಾದ ಮೇಲೆ ನಾವು ಯಾರ ಹತ್ತಿರವೂ ಏನೂ ಕೇಳದೆ ಬದುಕುವುದನ್ನು ಕಲಿತಿರುತ್ತೇವೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇರುತ್ತದೆ. ನಾನು ಪೀಠಿಕೆ ಹಾಕುತ್ತ ಹೋದೆ. ತಾರೀಖು, ಅವ್ವ, ರೈಲು, ಮುಲುಂಡ್. ಕಾಕು ಮಧ್ಯದಲ್ಲೇ ನಿಲ್ಲಿಸಿದರು. "ಬೀಗದ ಕೈ ಕೊಟ್ಟಿಡು. ಫೋನ್ ಮಾಡಬೇಡ, ಬೆಲ್ ಒತ್ತು. ನನಗೆ ಫೋನ್ ಕೇಳಿಸಲ್ಲ."

ಆಮೇಲೆ ನಡೆದದ್ದೆಲ್ಲ ಸಣ್ಣ ಸಣ್ಣ ಕೆಲಸ. ಶಾಲೆಯ ಪಿಕಪ್ ಕಾರ್ಡಿಗೆ ಕಾಕು ಫೋಟೋ ಸೇರಿಸಬೇಕಿತ್ತು. ಸಂಬಂಧ ಅನ್ನುವ ಕಡೆ ನನ್ನ ಗಂಡ 'ನೆರೆಮನೆ' ಅಂತ ಬರೆದುಕೊಟ್ಟರೆ ಆಫೀಸಿನವರು ವಾಪಸ್ ಕಳಿಸಿದರು. ಕುಟುಂಬದವರದೇ ಬೇಕಂತೆ. ಪ್ರಿನ್ಸಿಪಾಲ್‌ಗೆ ಒಂದು ಅರ್ಜಿ, ಇಬ್ಬರ ಸಹಿ, ಕಾಕು ಆಧಾರ್ ಕಾಪಿ, ಎಲ್ಲ ಆದಮೇಲೆ ಕಾರ್ಡ್ ಬಂತು. ಶಾಲೆಯ ವ್ಯಾನ್ ಡ್ರೈವರಿಗೆ ಹೇಳಿದ್ದಾಯಿತು. ಮಕ್ಕಳ ಡಾಕ್ಟರ ನಂಬರು, ಜ್ವರದ ಔಷಧಿ ಎಷ್ಟು ಎಮ್‌ಎಲ್ ಅನ್ನುವುದು ಫ್ರಿಜ್ ಮೇಲೆ ಅಂಟಿಸಿದ್ದಾಯಿತು. ಬರೆದು ಅಂಟಿಸಲು ಆಗದ್ದು ಬೇರೆ ಇತ್ತು. ಮೊಸರನ್ನದ ಮೇಲೆ ಸಕ್ಕರೆ ಉದುರಿಸಬೇಕು, ಕಲಸಬಾರದು. ಮಲಗುವಾಗ ನನ್ನ ಹಳೇ ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಹೊಟ್ಟೆನೋವು ಅಂದರೆ ಹೊಟ್ಟೆನೋವಲ್ಲ, ಯಾರೋ ಏನೋ ಅಂದಿದ್ದಾರೆ ಅಂತ ಅರ್ಥ. ಇದನ್ನೆಲ್ಲ ಹೇಳಲು ಹೋದರೆ ಕಾಕು, "ಅವಳು ನನ್ನ ಮನೆಯಲ್ಲಿ ಮೊಸರನ್ನ ತಿನ್ನೋದೇ ಇಲ್ಲ, ವರಣ್ ಭಾತ್ ತಿಂತಾಳೆ" ಅಂದರು. ಅಂದರೆ ಬೇಳೆ ಅನ್ನ. ನನಗೆ ಗೊತ್ತೇ ಇರಲಿಲ್ಲ.

ಒಂದು ರಾತ್ರಿ ಅಲ್ಲಿ ಮಲಗಿಸಿಯೂ ನೋಡಿದೆವು. ನಾನು ರಾತ್ರಿಯಿಡೀ ಎದುರು ಬಾಗಿಲಿನ ಸದ್ದಿಗೆ ಕಿವಿ ಕೊಟ್ಟು ಮಲಗಿದ್ದೆ. ಅವಳು ಬೆಳಿಗ್ಗೆ ಕೆದರಿದ ಕೂದಲಿನಲ್ಲಿ ಬಂದು ಒಂದೇ ದೂರು ಹೇಳಿದಳು: "ಕಾಕಾ ಗೊರಕೆ ಹೊಡೀತಾರೆ. ನನಗೆ ನನ್ನ ಹಾಸಿಗೆ ಬೇಕು." ಅಲ್ಲಿಗೆ ಒಂದು ವಿಷಯ ಇತ್ಯರ್ಥವಾಯಿತು. ಅವಳು ಕಾಕು ಮನೆಗೆ ಹೋಗುವುದಲ್ಲ, ಕಾಕು ನಮ್ಮ ಮನೆಗೆ ಬರುವುದು.

ಟಿಫಿನ್ ಯಾರು ಕಟ್ತಾರೆ

ಜುಲೈ ಮಧ್ಯದ ಒಂದು ರಾತ್ರಿ, ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ ನೋವು ಬಂತು. ಅವ್ವನ ಟಿಕೆಟ್ ಮುಂದಿನ ವಾರದ್ದು. ಮಳೆ ಸುರಿಯುತ್ತಿತ್ತು. ಗಂಡ ಹೋಗಿ ಬೆಲ್ ಒತ್ತಿದರು. ಕಾಕು ಬಂದದ್ದು ನೋಡಿದರೆ ಊರಿಗೆ ಹೊರಟವರ ಹಾಗಿತ್ತು. ಬಗಲಲ್ಲಿ ತಮ್ಮದೇ ದಿಂಬು, ಕೈಯಲ್ಲಿ ಟಾರ್ಚು, ಬಿಪಿ ಮಾತ್ರೆ. ನಾನು ಗೋಡೆ ಹಿಡಿದು ನಿಂತಿದ್ದೆ. ವಾಚ್‌ಮನ್ ಆಟೋ ತರಲು ಹೋಗಿದ್ದ.

ಮಗಳನ್ನು ಎಬ್ಬಿಸಬೇಕೋ ಬೇಡವೋ ಅಂತ ಅಲ್ಲೇ ಸಣ್ಣ ಜಗಳ. ಮಲಗಿರಲಿ, ಎದ್ದರೆ ಅಳುತ್ತಾಳೆ, ಹೊರಡುವುದು ಕಷ್ಟ ಅಂದರು ಗಂಡ. ಅದರಲ್ಲಿ ತಪ್ಪೇನೂ ಇಲ್ಲ. ಕಾಕು ಒಪ್ಪಲಿಲ್ಲ. ಹೇಳದೆ ಹೋಗಬಾರದು, ಅತ್ತರೆ ನಾನಿದ್ದೀನಿ ಅಂದರು. ನಾನು ನೋವಿನ ನಡುವೆ ಬಗ್ಗಿ ಅವಳ ಭುಜ ಅಲುಗಿಸಿದೆ. ಪಾಪು ಬರ್ತಿದೆ, ನಾವು ಆಸ್ಪತ್ರೆಗೆ ಹೋಗ್ತಿದ್ದೀವಿ, ಕಾಕು ಇಲ್ಲೇ ಇರ್ತಾರೆ. ಈ ಸಾಲನ್ನು ವಾರಗಟ್ಟಲೆ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು. ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದಳು, ಕಾಕುವನ್ನು ನೋಡಿದಳು.

"ಬೆಳಿಗ್ಗೆ ಟಿಫಿನ್ ಯಾರು ಕಟ್ತಾರೆ?"

"ನಾನು. ಪೋಹೆ" ಅಂದರು ಕಾಕು.

"ಶೇಂಗಾ ಹಾಕ್ಬೇಡಿ" ಅಂದವಳೇ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಆಟೋದಲ್ಲಿ ನೋವಿನ ನಡುವೆಯೂ ನಗುತ್ತಿದ್ದೆ. ಹೊರಗೆ ಬೆಳಕು ಹರಿಯುವ ಮೊದಲೇ ಮಗ ಹುಟ್ಟಿದ. ಡಾಕ್ಟರು ಹೇಳಿದ್ದು ನಿಜವಾಯಿತು.

ಅವಳು ಅವತ್ತು ಶಾಲೆಗೆ ಹೋದಳು. ಶಾಲೆಗೆ ಕಳಿಸಿದ್ದಕ್ಕೆ ಕೆಲವರು ಹುಬ್ಬೇರಿಸಿದರು. ತಮ್ಮ ಹುಟ್ಟಿದ ದಿನ ಮಗುವನ್ನು ಶಾಲೆಗೆ ಅಟ್ಟಿದರಾ ಅಂತ. ಮತ್ತೇನು ಮಾಡಬೇಕಿತ್ತು? ಎಲ್ಲ ಅಡಿಮೇಲಾದ ದಿನ ವ್ಯಾನ್ ಅದೇ ಟೈಮಿಗೆ ಬಂದದ್ದು, ಅದೇ ಬೆಂಚಿನಲ್ಲಿ ಕೂತದ್ದು ಅವಳಿಗೆ ಒಳ್ಳೆಯದೇ ಆಯಿತು.

ಆಸ್ಪತ್ರೆಯಲ್ಲಿ 12 ವರ್ಷದೊಳಗಿನ ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ. ಸೋಂಕಿನ ಭಯ, ಅರ್ಥವಾಗುತ್ತದೆ. ಹಾಗಾಗಿ ಸಂಜೆ ಕಾಕಾ ಅವಳನ್ನು ಕೆಳಗೆ ಗೇಟಿನ ತನಕ ಕರೆತಂದು ವಿಡಿಯೋ ಕಾಲ್ ಮಾಡಿದರು. ನಾನು ಕೂಸಿನ ಮುಖದ ಹತ್ತಿರ ಫೋನ್ ಹಿಡಿದು, ನೋಡು ನೋಡು ತಮ್ಮ ಅನ್ನುತ್ತಿದ್ದೇನೆ. ಅವಳು ಅತ್ತ ಕಡೆ ಫೋನನ್ನು ತನ್ನ ಮೊಣಕಾಲಿಗೆ ಹಿಡಿದಿದ್ದಾಳೆ. ಅಲ್ಲಿ ಒಂದು ಬ್ಯಾಂಡೇಜು. ಶಾಲೆಯಿಂದ ಬಂದು ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಾಳೆ. ಕಾಕು ಅರಿಶಿನ ಹಚ್ಚಿ, ಅದರ ಮೇಲೆ ಇವಳ ಹಟಕ್ಕೆ ಬ್ಯಾಂಡೇಜ್ ಹಾಕಿದ್ದಾರೆ. "ಅತ್ತಿಯಾ?" ಅಂದೆ. "ಹೂಂ. ಕಾಕು ಹತ್ರ ಅತ್ತೆ" ಅಂದಳು. ನನಗೆ ಗಂಟಲು ಕಟ್ಟಿತು. ಇಷ್ಟೆಲ್ಲ ವ್ಯವಸ್ಥೆ ಮಾಡಿದ್ದು ಅವಳು ಬೇರೆಯವರ ಹತ್ತಿರ ಅಳಲಿ ಅಂತಲೇ. ಅತ್ತಳು ಅಂತ ಕೇಳಿದಾಗ ಹೊಟ್ಟೆಕಿಚ್ಚಾಯಿತು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಅವ್ವ ಟಿಕೆಟ್ ಬದಲಾಯಿಸಿ, ವೇಟಿಂಗ್ ಲಿಸ್ಟ್‌ನಲ್ಲಿ ಹೇಗೋ ಕನ್ಫರ್ಮ್ ಆಗಿ, ರೊಟ್ಟಿ, ಚಟ್ನಿಪುಡಿ, ಅಂಟಿನುಂಡೆ ಹೊತ್ತು ಕಲ್ಯಾಣದಲ್ಲಿ ಇಳಿದಳು. ಮನೆಗೆ ಬಂದ ಕೂಡಲೇ ಮೊಮ್ಮಗಳು ಓಡಿಬಂದು ತಬ್ಬಿಕೊಳ್ಳುತ್ತಾಳೆ ಅಂತ ಅವ್ವನ ಲೆಕ್ಕ. ಅವಳು ಕಾಕು ಸೀರೆಯ ಹಿಂದೆ ಹೋಗಿ ನಿಂತಳು. ಆಸ್ಪತ್ರೆಗೆ ಬಂದ ಅವ್ವ ನನಗೆ ಹೇಳಿದ ಮೊದಲ ಮಾತು ಕೂಸಿನ ಬಗ್ಗೆ ಅಲ್ಲ. "ನನ್ನ ಕಡೆ ಬರವಲ್ಲಳು ನೋಡವ್ವ ನಿನ್ನ ಮಗಳು. ಮರಾಠಿಯೊಳಗ ಜಗಳಾ ಮಾಡ್ತಾಳ." ಅವ್ವನಿಗೆ ನೋವಾಗಿತ್ತು. ಒಂದು ವಾರ ಬೇಕಾಯಿತು ಅದು ಸರಿಹೋಗಲು. ಸರಿಮಾಡಿದ್ದು ಶೇಂಗಾ ಹೋಳಿಗೆ. (ಪೋಹೆಯಲ್ಲಿ ಶೇಂಗಾ ಬೇಡ, ಹೋಳಿಗೆಯಲ್ಲಿ ಬೇಕು. ಅವಳ ನ್ಯಾಯ ಅವಳಿಗೆ.)

ಕೊಡುವುದು ಏನನ್ನು

ಕಾಕುಗೆ ಏನು ಕೊಡುವುದು ಅನ್ನುವುದು ನಮಗೆ ದೊಡ್ಡ ಚಿಂತೆಯಾಯಿತು. ದುಡ್ಡಿನ ಮಾತೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಮಿಕ್ಸರ್ ಕೊಡಿಸೋಣ, ಗಿಫ್ಟ್ ಕಾರ್ಡ್ ಕೊಡೋಣ ಅಂತೆಲ್ಲ ನಾವಿಬ್ಬರೂ ಗುಸುಗುಸು ಮಾಡುತ್ತಿದ್ದೆವು. ಅವ್ವ ನಮ್ಮನ್ನು ಕೇಳಲೇ ಇಲ್ಲ. ತೊಟ್ಟಿಲಿಗೆ ಹಾಕುವ ದಿನ ಕಾಕುವನ್ನು ಮಣೆ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಅರಿಶಿನದ ಬೇರು, ಊರಿನಿಂದ ನನಗೆ ಅಂತ ತಂದಿದ್ದ ಇಳಕಲ್ ಸೀರೆ ಇಟ್ಟು ಉಡಿ ತುಂಬಿದಳು. ಕಾಕು ಒಂದು ಮಾತೂ ಆಡದೆ ಸೆರಗು ಒಡ್ಡಿದರು. ಮರಾಠಿಯವರಲ್ಲೂ ಈ ಪದ್ಧತಿ ಇದೆ, ಇಬ್ಬರಿಗೂ ವಿವರಿಸುವುದೇನೂ ಇರಲಿಲ್ಲ. ನಾವಿಬ್ಬರು ಓದಿದವರು ವಾರಗಟ್ಟಲೆ ಹುಡುಕುತ್ತಿದ್ದ ದಾರಿ ಅವ್ವನಿಗೆ ಮೊದಲೇ ಗೊತ್ತಿತ್ತು.

ಆದರೂ ಅದು ಅಲ್ಲಿಗೆ ಮುಗಿಯಲಿಲ್ಲ, ಮುಗಿಯದಿದ್ದದ್ದೇ ಚೆನ್ನಾಯಿತು ಅನ್ನಿಸುತ್ತದೆ. ಚಳಿಗಾಲದಲ್ಲಿ ಕಾಕುಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕೆನಡಾದ ಮಗನಿಗೆ ರಜೆ ಸಿಗಲಿಲ್ಲ. ಈ ಸಲ ಪ್ರಶ್ನೆ ಕಾಕಾ ಎಲ್ಲಿರುತ್ತಾರೆ ಅನ್ನುವುದು. ಗ್ಯಾಸ್ ಹಚ್ಚಲು ಬಿಟ್ಟರೆ ಆರಿಸುವುದನ್ನು ಮರೆಯುವ ಮನುಷ್ಯ. ಕಾಕು ಹಿಂದಿನ ದಿನ ನಮ್ಮ ಬಾಗಿಲಿಗೆ ಬಂದು, ಪೀಠಿಕೆ ಇಲ್ಲದೆ, ಕೇಳುವ ಧಾಟಿಯೂ ಇಲ್ಲದೆ ಹೇಳಿದರು: ಕಾಕಾ ಊಟ ನಿಮ್ಮಲ್ಲಿ, ಎಂಟಕ್ಕೆ ಸರಿಯಾಗಿ, ನಿಮ್ಮ ಧಾರವಾಡದ ಖಾರ ಅವರಿಗೆ ಆಗಲ್ಲ, ಎಷ್ಟು ಕೇಳಿದರೂ ಎರಡನೇ ಸಲ ಸಿಹಿ ಕೊಡಬೇಡಿ. ಮಗಳು ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಆ ವಾರವೆಲ್ಲ ಕಾಕಾ ನಮ್ಮ ಸೋಫಾದ ಮೇಲೆ ಕೂತು ಅವಳ ಜೊತೆ ಕೇರಂ ಆಡಿದರು. ಅವಳ ಪ್ರಕಾರ ಅವರು ಮೋಸ ಮಾಡುತ್ತಾರೆ. ನಾನೂ ನೋಡಿದ್ದೇನೆ, ಹೌದು, ಮಾಡುತ್ತಾರೆ.